ಗಡಿಯ ಸನ್ನದ್ಧತೆಗೆ ಥರ್ಮಲ್ ಕ್ಯಾಮೆರಾ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಜಗತ್ತಿನ ಯಾವುದೋ ಮೂಲೆಯಲ್ಲಿ ಹೊಸ ಸೋಂಕು ಕಾಣಿಸಿಕೊಂಡ ಸುದ್ದಿ ಬಂದರೆ ಸಾಕು, ವಿಮಾನ ನಿಲ್ದಾಣಗಳಲ್ಲಿ ಮೈಬಿಸಿ ಅಳೆಯುವ ಥರ್ಮಲ್ ಕ್ಯಾಮೆರಾ ಅಳವಡಿಸಿದ ಚಿತ್ರಗಳು, ಕಟ್ಟೆಚ್ಚರ ವಹಿಸಲಾಗಿದೆ ಎಂಬ ಹೇಳಿಕೆಗಳು ಪ್ರಕಟವಾಗುತ್ತವೆ. ಆ ಕ್ಯಾಮೆರಾ ಒಬ್ಬ ಪ್ರಯಾಣಿಕನನ್ನು ಗುರುತಿಸಿದ ಮೇಲೆ ಮುಂದಿನ ಅರ್ಧ ಗಂಟೆಯಲ್ಲಿ ಯಾರು ಏನು ಮಾಡಬೇಕೆಂಬುದು ಅಲ್ಲಿನ ಸಿಬ್ಬಂದಿಗೆ ಗೊತ್ತಿದೆಯೇ ಎಂದು ಕೇಳುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಒಂದು ನಿಲ್ದಾಣ ಸಜ್ಜಾಗಿದೆಯೋ ಇಲ್ಲವೋ ಎಂಬುದನ್ನು ಆ ಅರ್ಧ ಗಂಟೆಯಿಂದಲೇ ಅಳೆಯಬೇಕು.

ಜ್ವರ ತಪಾಸಣೆಯ ಮಿತಿ ಹಿಂದೆಯೇ ಸಾಬೀತಾಗಿದೆ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿದಾಗ ಕೆನಡಾ ತನ್ನ ವಿಮಾನ ನಿಲ್ದಾಣಗಳಲ್ಲಿ ಲಕ್ಷಾಂತರ ಪ್ರಯಾಣಿಕರನ್ನು ತಪಾಸಣೆಗೆ ಒಳಪಡಿಸಿತಾದರೂ ಒಬ್ಬ ಸೋಂಕಿತನೂ ಅದರಿಂದ ಪತ್ತೆಯಾಗಲಿಲ್ಲ. ಎಬೋಲಾ ತಗುಲಿದವರಲ್ಲಿ ಲಕ್ಷಣ ಕಾಣಿಸಲು 2ರಿಂದ 21 ದಿನ ಬೇಕು. ಕೊರೊನಾ ಸೋಂಕಂತೂ ಲಕ್ಷಣ ಕಾಣುವ ಮೊದಲೇ ಇನ್ನೊಬ್ಬರಿಗೆ ದಾಟಬಲ್ಲದು. ಪ್ಯಾರಾಸಿಟಮಾಲ್ ನುಂಗಿ ಬಂದವರ ಜ್ವರ ಕ್ಯಾಮೆರಾಕ್ಕೆ ಕಾಣದೆಯೂ ಹೋಗಬಹುದು. ತಪಾಸಣೆಯ ಏರ್ಪಾಡು ಸರಿಯಿಲ್ಲದಿದ್ದರೆ ಅದರಿಂದಲೇ ಅಪಾಯವೂ ಉಂಟು. 2020ರ ಮಾರ್ಚ್ ಮಧ್ಯಭಾಗದಲ್ಲಿ ಯುರೋಪಿನಿಂದ ಬರುವವರ ಮೇಲೆ ಅಮೆರಿಕ ದಿಢೀರನೆ ನಿರ್ಬಂಧ ಹೇರಿದಾಗ, ಚಿಕಾಗೋದ ಓಹೇರ್ ನಿಲ್ದಾಣದಲ್ಲಿ ಆರೋಗ್ಯ ತಪಾಸಣೆಗಾಗಿಯೇ ಜನರು ಗಂಟೆಗಟ್ಟಲೆ ಮೈಗೆ ಮೈ ತಾಗಿಸಿಕೊಂಡು ನಿಲ್ಲಬೇಕಾಯಿತು.

2014ರ ಜುಲೈ 20ರಂದು ನೈಜೀರಿಯಾದ ಲಾಗೋಸ್ ನಿಲ್ದಾಣದಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಲೈಬೀರಿಯಾದಿಂದ ಬಂದ ಪ್ರಯಾಣಿಕರೊಬ್ಬರು ತೀವ್ರವಾಗಿ ಅಸ್ವಸ್ಥರಾಗಿದ್ದರು. ಮಲೇರಿಯಾ ಎಂದುಕೊಂಡು ಅವರನ್ನು ಯಾವ ರಕ್ಷಣೆಯೂ ಇಲ್ಲದೆ ಖಾಸಗಿ ಆಸ್ಪತ್ರೆಗೆ ಕರೆದೊಯ್ಯಲಾಯಿತು. ಅದು ಎಬೋಲಾ ಎಂದು ಶಂಕಿಸಿ ಪತ್ತೆ ಮಾಡಿದ್ದು ಆಸ್ಪತ್ರೆಯ ವೈದ್ಯರು. ಆ ಪ್ರಯಾಣಿಕರಿಂದ ಆರಂಭವಾದ ಸರಪಳಿಯಲ್ಲಿ ಅವರೂ ಸೇರಿ ಒಟ್ಟು 20 ಮಂದಿ ಸೋಂಕಿತರಾಗಿ 8 ಮಂದಿ ತೀರಿಕೊಂಡರು. ಸುಮಾರು 900 ಸಂಪರ್ಕಿತರನ್ನು ಹುಡುಕಿ ನಿಗಾ ಇಟ್ಟಿದ್ದರಿಂದ ಅಕ್ಟೋಬರ್ 20ರಂದು ಆ ದೇಶ ಎಬೋಲಾಮುಕ್ತವೆಂದು ಘೋಷಿತವಾಯಿತು. ನಿಲ್ದಾಣದಲ್ಲಿ ಕೈತಪ್ಪಿದ್ದನ್ನು ಊರೊಳಗಿನ ಆರೋಗ್ಯ ವ್ಯವಸ್ಥೆ ಸರಿಪಡಿಸಿತು, ಆದರೆ ಅದಕ್ಕೆ ವೈದ್ಯರೂ ದಾದಿಯರೂ ಪ್ರಾಣ ತೆರಬೇಕಾಯಿತು.

ಆ ಅರ್ಧ ಗಂಟೆಯನ್ನು ಬಿಡಿಸಿ ನೋಡೋಣ. ಇಳಿಯಲಿರುವ ವಿಮಾನದಲ್ಲಿ ಒಬ್ಬರಿಗೆ ಜ್ವರ, ವಾಂತಿ ಕಾಣಿಸಿಕೊಂಡಿದೆ ಎಂದು ಪೈಲಟ್ ವಾಯು ಸಂಚಾರ ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತಾರೆ. ಆ ಮಾಹಿತಿ ನಿಲ್ದಾಣದ ಆರೋಗ್ಯಾಧಿಕಾರಿಯನ್ನು ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ? ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿರುವ ಫೋನ್ ಸಂಖ್ಯೆ ವರ್ಗವಾಗಿ ಹೋದ ಅಧಿಕಾರಿಯದ್ದಾದರೆ ಏನು ಗತಿ? ವಿಮಾನವನ್ನು ಎಲ್ಲಿ ನಿಲ್ಲಿಸಬೇಕು, ಮೊದಲು ಒಳಗೆ ಹೋಗುವವರು ಯಾರು, ರೋಗಿಯ ಅಕ್ಕಪಕ್ಕದ ಸಾಲುಗಳಲ್ಲಿ ಕುಳಿತಿದ್ದವರ ವಿಳಾಸ ಬರೆದುಕೊಳ್ಳುವವರು ಯಾರು ಎಂಬುದೆಲ್ಲ ಮೊದಲೇ ನಿಗದಿಯಾಗಿರಬೇಕು. ಒಳಗೆ ಬರಲು ಪಾಸ್ ಇಲ್ಲವೆಂದು ಆಂಬುಲೆನ್ಸನ್ನು ಭದ್ರತಾ ಗೇಟಿನಲ್ಲೇ ತಡೆದರೆ, ಪ್ರತ್ಯೇಕ ಕೊಠಡಿಗೆ ಸ್ವಂತ ಶೌಚಾಲಯವಿಲ್ಲದೆ ರೋಗಿಯು ಎಲ್ಲರೂ ಬಳಸುವ ಶೌಚಾಲಯಕ್ಕೆ ನಡೆದುಹೋಗಬೇಕಾದರೆ, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಲು ಅವರನ್ನು ಸರದಿಯಲ್ಲೇ ನಿಲ್ಲಿಸಿದರೆ, ಉಳಿದ ಸಿದ್ಧತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ವಾಂತಿ ಬಿದ್ದ ಆಸನವನ್ನು ಒರೆಸುವವರು ಸ್ವಚ್ಛತಾ ಕಾರ್ಮಿಕರು. ತರಬೇತಿಯೂ ಕೈಗವಸು, ಮಾಸ್ಕುಗಳೂ ಅಧಿಕಾರಿಗಳಿಗಿಂತ ಮೊದಲು ಅವರಿಗೆ ಸಿಗಬೇಕು.

ಇವೆಲ್ಲ ಹೊಸ ಬೇಡಿಕೆಗಳಲ್ಲ. 2007ರ ಜೂನ್‌ನಲ್ಲಿ ಜಾರಿಗೆ ಬಂದ, 196 ರಾಷ್ಟ್ರಗಳಿಗೆ ಅನ್ವಯಿಸುವ, ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯು, ಗೊತ್ತುಪಡಿಸಿದ ವಿಮಾನ ನಿಲ್ದಾಣ ಹಾಗೂ ಬಂದರುಗಳಲ್ಲಿ ಸದಾಕಾಲ ಇರಬೇಕಾದ ವೈದ್ಯಕೀಯ ಸೇವೆ, ರೋಗಿಯನ್ನು ಸಾಗಿಸುವ ವಾಹನ, ತರಬೇತಿ ಪಡೆದ ಸಿಬ್ಬಂದಿ, ಶುದ್ಧ ನೀರು, ಶೌಚಾಲಯಗಳನ್ನೂ, ತುರ್ತುಸ್ಥಿತಿಗೆ ಬೇಕಾದ ಲಿಖಿತ ಯೋಜನೆ ಮತ್ತು ಸೋಂಕು ಶಂಕಿತರನ್ನು ವಿಚಾರಿಸುವ ಪ್ರತ್ಯೇಕ ಜಾಗವನ್ನೂ ಹೆಸರಿಸಿ ಹೇಳುತ್ತದೆ.

ಆದರೆ ಅದೇ ನಿಯಮಾವಳಿ ಭೂಗಡಿಗಳ ವಿಷಯದಲ್ಲಿ ಸಡಿಲವಾಗಿದೆ. ವಿಮಾನ ನಿಲ್ದಾಣ, ಬಂದರುಗಳನ್ನು ಗೊತ್ತುಪಡಿಸುವುದು ಕಡ್ಡಾಯವಾದರೆ, ಗಡಿ ಠಾಣೆಗಳ ಮಾತನ್ನು ಆಯಾ ದೇಶದ ವಿವೇಚನೆಗೆ ಬಿಡಲಾಗಿದೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದು. ವಿಮಾನದ ಪ್ರಯಾಣಿಕರ ಪಟ್ಟಿ ಇರುತ್ತದೆ. ಕಾಲುದಾರಿಯಲ್ಲಿ ದಾಟುವವರಿಗೆ ಯಾವ ಪಟ್ಟಿಯೂ ಇಲ್ಲ. 2019ರ ಜೂನ್‌ನಲ್ಲಿ ಕಾಂಗೋದಿಂದ ಉಗಾಂಡಕ್ಕೆ ಎಬೋಲಾ ದಾಟಿದ್ದು ಗಡಿಯಾಚೆಗೆ ಹೋಗಿ ಮರಳಿದ ಒಂದು ಕುಟುಂಬದ ಮೂಲಕ. ಗಡಿಭಾಗದ ಆಸ್ಪತ್ರೆಯ ಸಿಬ್ಬಂದಿಗೆ ಮೊದಲೇ ತರಬೇತಿ ದೊರೆತಿದ್ದರಿಂದ ಅದು ಅಲ್ಲಿಗೇ ನಿಂತಿತು. ಮರುವರ್ಷ ಕೀನ್ಯಾ-ಉಗಾಂಡ ನಡುವಿನ ಮಲಾಬಾ ಗಡಿಯಲ್ಲಿ ಕೊರೊನಾ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾದ ಲಾರಿಗಳು ಕಿಲೋಮೀಟರ್‌ಗಟ್ಟಲೆ ಸಾಲುಗಟ್ಟಿದವು. ಗಡಿ ಠಾಣೆಗಳಿಗೆ ಬೇಕಾದದ್ದು ಹತ್ತಿರದಲ್ಲೊಂದು ಪ್ರಯೋಗಾಲಯ, ಕಾಯುವವರಿಗೆ ನೆರಳು, ನೀರು, ಶೌಚಾಲಯ, ಎರಡೂ ಬದಿಯ ಆರೋಗ್ಯಾಧಿಕಾರಿಗಳು ನೇರವಾಗಿ ಮಾತನಾಡಿಕೊಳ್ಳುವ ಅನುಮತಿ. ಪ್ರತಿಯೊಂದು ಫೋನ್ ಕರೆಯೂ ರಾಜಧಾನಿಯ ಮೂಲಕವೇ ಹೋಗಬೇಕೆಂದರೆ ಸೋಂಕು ಅಷ್ಟು ಹೊತ್ತು ಕಾಯುವುದಿಲ್ಲ.

ಅಣಕು ಕಾರ್ಯಾಚರಣೆಗಳನ್ನು ಮುಂಚಿತವಾಗಿ ಪ್ರಕಟಿಸಿ, ಹಿರಿಯ ಅಧಿಕಾರಿಗಳ ಸಮ್ಮುಖದಲ್ಲಿ ಹಗಲು ಹೊತ್ತು ನಡೆಸಿದರೆ ಲೋಪಗಳು ಹೊರಬರುವುದಿಲ್ಲ. ಸಿಬ್ಬಂದಿ ಕಡಿಮೆ ಇರುವ ರಾತ್ರಿ ಪಾಳಿಯಲ್ಲಿ, ಮುನ್ಸೂಚನೆ ಇಲ್ಲದೆ ನಡೆಸಬೇಕು. ಕಂಡ ಕೊರತೆಗಳನ್ನೂ ಅವನ್ನು ಸರಿಪಡಿಸಿದ ದಿನಾಂಕವನ್ನೂ ಸಾರ್ವಜನಿಕರ ಮುಂದಿಡಬೇಕು.

ಕಡೆಯದಾಗಿ, ಪ್ರಯಾಣಿಕರ ಭಯದ ಮಾತು. ಮೈ ಸರಿಯಿಲ್ಲ ಎಂದು ಬಾಯಿಬಿಟ್ಟರೆ ಕ್ವಾರಂಟೈನ್ ಖರ್ಚು ತನ್ನ ತಲೆಗೇ ಬರುತ್ತದೆ, ದಿನಗೂಲಿ ಹೋಗುತ್ತದೆ ಎಂದು ಗೊತ್ತಿರುವವರು ಲಕ್ಷಣ ಮುಚ್ಚಿಡುವುದರಲ್ಲಿ ಆಶ್ಚರ್ಯವಿಲ್ಲ. ವಾಸಕ್ಕೆಂದು ಬರುವವರನ್ನು ಬಿಟ್ಟು ಉಳಿದ ಪ್ರಯಾಣಿಕರಿಂದ ತಪಾಸಣೆ, ಪ್ರತ್ಯೇಕವಾಸಗಳಿಗೆ ಸರ್ಕಾರ ಶುಲ್ಕ ಪಡೆಯಬಾರದೆಂದು ಮೇಲೆ ಹೇಳಿದ ನಿಯಮಾವಳಿಯ 40ನೇ ವಿಧಿಯೇ ಹೇಳುತ್ತದೆ. ಆದರೂ ಕೊರೊನಾ ಕಾಲದಲ್ಲಿ ಅನೇಕ ದೇಶಗಳು ಹೋಟೆಲ್ ಕ್ವಾರಂಟೈನ್‌ಗೆ ಹಣ ಪಡೆದವು. ಈ ಶುಲ್ಕ ವಿನಾಯಿತಿಯನ್ನು ಪ್ರಯಾಣಿಕರಾಡುವ ಭಾಷೆಗಳಲ್ಲಿ ಬರೆಸಿ, ಪ್ರತಿ ಆಗಮನ ದ್ವಾರದಲ್ಲೂ ಪ್ರತಿ ಗಡಿ ಠಾಣೆಯಲ್ಲೂ ಕಣ್ಣಿಗೆ ಬೀಳುವಂತೆ ಹಾಕಿಸಬೇಕು ಮತ್ತು ತಪಾಸಣೆ, ಪ್ರತ್ಯೇಕವಾಸಗಳ ವೆಚ್ಚವನ್ನು ಪ್ರತಿ ವರ್ಷದ ಬಜೆಟ್‌ನಲ್ಲೇ ತೆಗೆದಿರಿಸಬೇಕು.

ಇತಿ,
ಓರ್ವ ಓದುಗ