ರಿಪೇರಿ ಮಾಡಿ ಕೊಟ್ಟರೆ ಸಾಲದು: ನನ್ನ ಕಾರನ್ನು ಗುದ್ದಿಸಿದ ಡೀಲರ್‌ಶಿಪ್‌ಗೆ ದೂರು ಪತ್ರ

ಗೆ,
ಜನರಲ್ ಮ್ಯಾನೇಜರ್ ಅವರಿಗೆ,
ಸರ್ವೀಸ್ ವಿಭಾಗ

ಪ್ರತಿ: ಕಾರು ತಯಾರಿಸಿದ ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ

ವಿಷಯ: ಸರ್ವೀಸ್‌ಗೆ ಬಿಟ್ಟಿದ್ದ ನನ್ನ ಕಾರನ್ನು ನಿಮ್ಮ ಸಿಬ್ಬಂದಿ ಅಪಘಾತಕ್ಕೆ ಈಡು ಮಾಡಿದ್ದರ ಬಗ್ಗೆ ದೂರು, ಮತ್ತು ನ್ಯಾಯವಾದ ಪರಿಹಾರಕ್ಕೆ ಬೇಡಿಕೆ.

ಮಾನ್ಯರೇ,

ಬ್ರೇಕ್ ಒತ್ತಿದಾಗ ಮುಂದಿನ ಚಕ್ರದಿಂದ ಕಿರ್ ಎಂಬ ಸದ್ದು ಬರುತ್ತಿತ್ತು. ಅದನ್ನು ನೋಡಿ ಸರಿ ಮಾಡಿ ಎಂದು ನನ್ನ ಕಾರನ್ನು ನಿಮ್ಮ ವರ್ಕ್‌ಶಾಪ್‌ನಲ್ಲಿ ಬಿಟ್ಟೆ. ಚೆನ್ನಾಗಿ ಓಡುತ್ತಿದ್ದ ಕಾರು ಅದು. ಒಳಗೆ ತೆಗೆದುಕೊಳ್ಳುವಾಗ ನಿಮ್ಮವರೇ ಸುತ್ತ ತಿರುಗಿ ನೋಡಿ, ಬಾಡಿಯಲ್ಲಿ ಏನೂ ಪೆಟ್ಟಿಲ್ಲ ಎಂದು ಕೆಲಸದ ವಿವರ ಬರೆಯುವ ಜಾಬ್ ಕಾರ್ಡ್‌ನಲ್ಲಿ ಬರೆದು ಸಹಿ ಹಾಕಿದ್ದಾರೆ. ಸಂಜೆ ಸರ್ವೀಸ್ ಅಡ್ವೈಸರ್ ಫೋನ್ ಮಾಡಿ, "ಟೆಸ್ಟ್ ಡ್ರೈವ್ ಹೋದಾಗ ಸ್ವಲ್ಪ ಟಚ್ ಆಗಿದೆ ಮೇಡಂ, ಗಾಬರಿ ಬೇಡ, ನಾವೇ ರೆಡಿ ಮಾಡಿ ಕೊಡ್ತೀವಿ" ಅಂದರು.

ನಾನು ಬಂದು ನೋಡಿದಾಗ ಬಾನೆಟ್ ಮಡಚಿಕೊಂಡು ಮೇಲೆದ್ದಿತ್ತು. ಎಡಗಡೆಯ ಮುಂದಿನ ಚಕ್ರ ಹಿಂದಕ್ಕೆ ಸರಿದು ಬಾಗಿಲಿಗೆ ತಾಗುವಂತಿತ್ತು. ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಮುಂದಿನ ಎರಡೂ ಏರ್‌ಬ್ಯಾಗ್ ಬಿಚ್ಚಿಕೊಂಡು ಜೋಲುಬಿದ್ದಿದ್ದವು. ಗಾಜು ಸೀಳಿತ್ತು, ಕೂಲಂಟ್ ನೆಲದ ಮೇಲೆ ಹರಿದಿತ್ತು. ಇದನ್ನು ಟಚ್ ಎಂದು ಕರೆದದ್ದು ನನಗೆ ಅಪಘಾತಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಏರ್‌ಬ್ಯಾಗ್ ಸುಮ್ನೆ ಬಿಚ್ಚಿಕೊಳ್ಳುವ ವಸ್ತು ಅಲ್ಲ. ಪಾರ್ಕಿಂಗ್ ಮಾಡುವಾಗ ಕಂಬಕ್ಕೆ ತಾಗಿಸಿದರೆ ಸಾಮಾನ್ಯವಾಗಿ ಅದು ಬಿಚ್ಚಿಕೊಳ್ಳುವುದಿಲ್ಲ. ಹೊಡೆತ ಜೋರಾಗಿದೆ ಎಂದು ಸೆನ್ಸರ್‌ಗೆ ಖಾತ್ರಿಯಾದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಇದು ನಿಮ್ಮ ಅಡ್ವೈಸರ್‌ಗೆ ನನಗಿಂತ ಚೆನ್ನಾಗಿ ಗೊತ್ತು.

ಆಮೇಲೆ ತಿಳಿದ ವಿಷಯ ಇನ್ನೂ ಬೇಸರದ್ದು. ಜಾಬ್ ಕಾರ್ಡ್‌ನಲ್ಲಿರುವ ಕಿಲೋಮೀಟರ್‌ಗೂ ಈಗ ಮೀಟರ್‌ನಲ್ಲಿ ಕಾಣುವುದಕ್ಕೂ 47 ಕಿ.ಮೀ. ವ್ಯತ್ಯಾಸವಿದೆ. ಬ್ರೇಕ್ ಸದ್ದು ಪರೀಕ್ಷಿಸಲು ಇಷ್ಟು ದೂರ ಯಾರೂ ಹೋಗುವುದಿಲ್ಲ. ಕೇಳಿದಾಗ, ಇಬ್ಬರು ಹುಡುಗರು ಊಟಕ್ಕೆಂದು ಕಾರು ತೆಗೆದುಕೊಂಡು ಹೋಗಿದ್ದರು ಎಂದು ನಿಮ್ಮ ಫ್ಲೋರ್ ಸೂಪರ್‌ವೈಸರ್ ಒಪ್ಪಿಕೊಂಡರು. ಅವರಿಬ್ಬರಿಗೂ ದೊಡ್ಡ ಗಾಯವಾಗಿಲ್ಲ, ದಾರಿಯಲ್ಲಿ ಬೇರೆ ಯಾರಿಗೂ ಏನೂ ಆಗಿಲ್ಲ ಎಂದು ತಿಳಿದು ನಿಜಕ್ಕೂ ಸಮಾಧಾನವಾಯಿತು. ಮೊದಲು ಕೇಳಿದ್ದೂ ಅದನ್ನೇ.

ಈಗ ನಿಮ್ಮ ಕಡೆಯಿಂದ ಎರಡು ಮಾತು ಬಂದಿದೆ. ಕಾರನ್ನು ಉಚಿತವಾಗಿ ರಿಪೇರಿ ಮಾಡಿ ಕೊಡುತ್ತೇವೆ ಎಂಬುದು ಒಂದು. ಹುಡುಗರು ನಮ್ಮ ಅನುಮತಿ ಇಲ್ಲದೆ ಹೋಗಿದ್ದಾರೆ, ಹಾಗಾಗಿ ಕಾನೂನಿನ ಪ್ರಕಾರ ನಮ್ಮ ಹೊಣೆ ಇಲ್ಲ, ರಿಪೇರಿ ನಮ್ಮ ಒಳ್ಳೆಯತನ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಮೊದಲು ಎರಡನೆಯದಕ್ಕೇ ಉತ್ತರ ಕೊಡುತ್ತೇನೆ.

ನಾನು ಕೀ ಕೊಟ್ಟದ್ದು ಆ ಹುಡುಗರಿಗಲ್ಲ, ನಿಮ್ಮ ಸಂಸ್ಥೆಗೆ. ಒಬ್ಬರ ವಸ್ತುವನ್ನು ಕೆಲಸಕ್ಕೆಂದು ತೆಗೆದುಕೊಂಡವರು ಅದನ್ನು ಜೋಪಾನ ಮಾಡಿ ಹಿಂದಿರುಗಿಸಬೇಕು ಎಂಬ ನಿಯಮ ಬಹಳ ಹಳೆಯದು. 1703ರಲ್ಲೇ ಇಂಗ್ಲೆಂಡಿನಲ್ಲಿ ಕಾಗ್ಸ್ ಮತ್ತು ಬರ್ನಾರ್ಡ್ ನಡುವಿನ ಮೊಕದ್ದಮೆಯಲ್ಲಿ ಇದು ತೀರ್ಮಾನವಾಗಿದೆ. ಬರ್ನಾರ್ಡ್ ಎಂಬವನು ಕಾಗ್ಸ್‌ನ ಬ್ರಾಂಡಿ ಪೀಪಾಯಿಗಳನ್ನು ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಸಾಗಿಸಲು ಒಪ್ಪಿಕೊಂಡ. ಸಾಗಿಸುವಾಗ ಅಜಾಗರೂಕತೆಯಿಂದ ಪೀಪಾಯಿ ಒಡೆದು ಬ್ರಾಂಡಿ ಚೆಲ್ಲಿಹೋಯಿತು. ಕೂಲಿಯ ಮಾತೇ ಆಗಿಲ್ಲದಿದ್ದರೂ ನಷ್ಟಕ್ಕೆ ಅವನೇ ಹೊಣೆ ಎಂದಿತು ನ್ಯಾಯಾಲಯ. ನೀವಂತೂ ದುಡ್ಡು ತೆಗೆದುಕೊಂಡು ಕೆಲಸ ಮಾಡುವವರು.

"ನೌಕರ ನಮಗೆ ಹೇಳದೆ ಮಾಡಿದ" ಎಂಬ ವಾದವೂ ಹೊಸದಲ್ಲ. 1965ರಲ್ಲಿ ಅದೇ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಮಾರಿಸ್ ಎಂಬ ಮಹಿಳೆಯ ಪ್ರಕರಣದಲ್ಲಿ ಇದನ್ನು ಕೇಳಿತು. ಆಕೆಯ ಮಿಂಕ್ ಎಂಬ ಪ್ರಾಣಿಯ ತುಪ್ಪಳದ ಹೊದಿಕೆ ಶುಚಿಗೊಳಿಸಲು ಹೋಗಿತ್ತು. ಅದನ್ನು ಶುಚಿಮಾಡಬೇಕಿದ್ದ ನೌಕರನೇ ಕದ್ದುಬಿಟ್ಟ. ಕದಿಯಿರಿ ಎಂದು ಯಾವ ಮಾಲೀಕನೂ ನೌಕರನಿಗೆ ಹೇಳುವುದಿಲ್ಲ, ಅಲ್ವಾ? ಆದರೂ ಶುಚಿಗೊಳಿಸುವ ಕಂಪನಿಯೇ ಹೊಣೆ ಎಂದು ತೀರ್ಪಾಯಿತು. ಏಕೆಂದರೆ ಆ ವಸ್ತುವನ್ನು ಅವನ ಕೈಗೆ ಒಪ್ಪಿಸಿದ್ದು ಕಂಪನಿ. ಒಂದೊಂದು ದೇಶದ ಕಾನೂನಿನ ಮಾತು ಬೇರೆ ಬೇರೆ ಇರಬಹುದು. ಆದರೆ ಇದರ ಹಿಂದಿನ ನ್ಯಾಯ ಯಾರಿಗಾದರೂ ಅರ್ಥವಾಗುತ್ತದೆ. ಕೀ ಬೋರ್ಡ್ ನಿಮ್ಮದು, ಗೇಟ್ ನಿಮ್ಮದು, ಗೇಟಿನಲ್ಲಿ ಕಾರು ಹೊರಗೆ ಬಿಡುವವರೂ ನಿಮ್ಮವರು. ಇದರಲ್ಲಿ ಯಾವುದೂ ನನ್ನ ಕೈಯಲ್ಲಿ ಇರಲಿಲ್ಲ.

ಜಾಬ್ ಕಾರ್ಡ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ವಾಹನವನ್ನು ಮಾಲೀಕರ ಹೊಣೆಯಲ್ಲೇ ಓಡಿಸಲಾಗುತ್ತದೆ" ಎಂದಿದೆ ಎಂದು ಅಡ್ವೈಸರ್ ತೋರಿಸಿದರು. ನಾನು ಒಪ್ಪಿದ್ದು ಕೆಲಸದ ಸಲುವಾಗಿ ಓಡಿಸುವುದಕ್ಕೆ. ನಿಮ್ಮ ಸಿಬ್ಬಂದಿಯ ಸ್ವಂತ ತಿರುಗಾಟಕ್ಕೆ ನಾನು ಎಲ್ಲೂ ಸಹಿ ಹಾಕಿಲ್ಲ. ಅಂಥ ಒಂದು ಸಾಲು ನಿಮ್ಮ ಅಜಾಗರೂಕತೆಗೆ ರಕ್ಷಣೆ ಆಗುವುದಿಲ್ಲ ಎಂದು ನಾನು ಕೇಳಿದ ವಕೀಲರು ಸ್ಪಷ್ಟವಾಗಿ ಹೇಳಿದ್ದಾರೆ.

ಇನ್ನು ರಿಪೇರಿಯ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. "ಹೊಸದರ ಹಾಗೆ ಮಾಡಿ ಕೊಡ್ತೀವಿ, ಇನ್ನೇನು ಬೇಕು?" ಎಂದು ನಿಮ್ಮ ವರ್ಕ್‌ಶಾಪ್ ಮ್ಯಾನೇಜರ್ ಕೇಳಿದ್ದು ಪ್ರಾಮಾಣಿಕವಾಗಿಯೇ ಇರಬಹುದು. ಆದರೆ ಅದು ಆಗದ ಮಾತು.

ಇಂದಿನ ಹೆಚ್ಚಿನ ಕಾರುಗಳಲ್ಲಿ ಬಾಡಿಯೇ ಕಾರಿನ ಬೆನ್ನೆಲುಬು. ಅದನ್ನು ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿಸ್, ಇರುವುದಿಲ್ಲ. ಡಿಕ್ಕಿಯಾದಾಗ ಮುಂಭಾಗ ಮಡಚಿಕೊಂಡು ಹೊಡೆತವನ್ನು ನುಂಗಿಕೊಳ್ಳಬೇಕು, ಒಳಗೆ ಕೂತವರ ಜಾಗ ಹಾಗೇ ಉಳಿಯಬೇಕು ಎಂದು ಲೆಕ್ಕ ಹಾಕಿ ಅದನ್ನು ಮಾಡಿರುತ್ತಾರೆ. ಒಮ್ಮೆ ಮಡಚಿದ ಆ ಭಾಗವನ್ನು ಎಳೆದು, ತಟ್ಟಿ ನೇರ ಮಾಡಬಹುದು. ಮೇಲೆ ಪುಟ್ಟಿ ಹಚ್ಚಿ ಪೇಂಟ್ ಹೊಡೆದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಇನ್ನೊಂದು ಹೊಡೆತ ಬಿದ್ದರೆ ಅದು ಮೊದಲಿನಂತೆ ಮಡಚಿಕೊಳ್ಳುತ್ತದೆ ಎಂದು ಯಾರು ಬರೆದು ಕೊಡುತ್ತಾರೆ? ಛಾವಣಿ ಹೊರುವ ಕಂಬವಾದ ಪಿಲ್ಲರ್‌ನಂಥ ಕಡೆ ಹಾಕುವ ಅತಿ ಗಟ್ಟಿ ಉಕ್ಕನ್ನು ಕಾಯಿಸಿ ನೇರ ಮಾಡಿದರೆ ಅದರ ಬಲವೇ ಹೋಗುತ್ತದೆ. ಅಂಥ ಭಾಗ ಬಾಗಿದರೆ ಬದಲಿಸಬೇಕು, ಅದೂ ತಯಾರಕರು ಹೇಳಿದ ಜಾಗದಲ್ಲೇ ಕತ್ತರಿಸಿ ಬೆಸೆಯಬೇಕು. ಈ ನಿಯಮ ನಿಮ್ಮ ಕಂಪನಿಯ ರಿಪೇರಿ ಪುಸ್ತಕದಲ್ಲಿ ಇದೆಯೋ ಇಲ್ಲವೋ ನೀವೇ ತೆಗೆದು ನೋಡಿ. ನನ್ನ ಕಾರಿನ ಎಡ ಬಾಗಿಲು ತೆರೆಯುತ್ತಿಲ್ಲ ಎಂದರೆ ಪೆಟ್ಟು ಬಂಪರ್ ದಾಟಿ ಒಳಗೆ ಹೋಗಿರಬಹುದು ಎಂಬ ಅನುಮಾನ ಯಾರಿಗಾದರೂ ಬರುತ್ತದೆ.

ಅದು ಮುಗಿದ ಮೇಲೂ ಇದೆ. ಬಿಚ್ಚಿಕೊಂಡ ಏರ್‌ಬ್ಯಾಗ್, ಡಿಕ್ಕಿಯಲ್ಲಿ ಎಳೆದು ಬಿಗಿದುಕೊಂಡ ಸೀಟ್ ಬೆಲ್ಟ್, ಸೆನ್ಸರ್ ಎಲ್ಲ ಹೊಸದೇ ಆಗಬೇಕು. ಗಾಜು ಬದಲಿಸಿದರೆ ಅದರ ಹಿಂದಿನ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಇಲ್ಲದಿದ್ದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ತಪ್ಪು ಸಮಯಕ್ಕೆ ಹಾಕಬಹುದು, ಬೇಕಾದಾಗ ಹಾಕದೇ ಇರಬಹುದು. ಹಿಂದಿನ ಸೀಟಿನಲ್ಲಿ ನನ್ನ ಮಗಳ ಚೈಲ್ಡ್ ಸೀಟ್ ಕಟ್ಟಿತ್ತು. ಇಷ್ಟು ಜೋರಾದ ಅಪಘಾತ ಕಂಡ ಚೈಲ್ಡ್ ಸೀಟನ್ನು ಹೊರಗೆ ಬಿರುಕು ಕಾಣದಿದ್ದರೂ ಮತ್ತೆ ಬಳಸಬಾರದು. ನಿಮ್ಮ ಎಸ್ಟಿಮೇಟ್‌ನಲ್ಲಿ ಅದರ ಸುದ್ದಿಯೇ ಇಲ್ಲ. ಆ ಕಾರಿನಲ್ಲಿ ಮಗುವನ್ನು ಕೂರಿಸಿಕೊಂಡು ನಾನು ಓಡಾಡಬೇಕು ಎಂಬುದನ್ನು ದಯವಿಟ್ಟು ಒಮ್ಮೆ ಯೋಚಿಸಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕಾರಿನ ಬೆಲೆ ಹೋಯಿತು. ನಾಳೆ ಮಾರಲು ಹೋದರೆ ಕೊಳ್ಳುವವರು ಪೇಂಟ್ ಅಳೆಯುವ ಸಣ್ಣ ಯಂತ್ರ ತರುತ್ತಾರೆ. ಕಂಪನಿಯ ಪೇಂಟ್ ಸಾಮಾನ್ಯವಾಗಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಪುಟ್ಟಿ ಹಚ್ಚಿದ ಕಡೆ ಅದು ಹಲವು ಪಟ್ಟು ತೋರಿಸುತ್ತದೆ. ಆಮೇಲೆ ನಾನೇನು ಹೇಳಿದರೂ ಅದು ಅಪಘಾತದ ಕಾರು. ನಿಮ್ಮದೇ ಹಳೆಯ ಕಾರುಗಳ ವಿಭಾಗಕ್ಕೆ ಈ ಕಾರನ್ನು ತಂದರೆ ನೀವು ಎಷ್ಟು ಕಡಿಮೆ ಬೆಲೆ ಕಟ್ಟುತ್ತೀರೋ ಅಷ್ಟು ನಷ್ಟ ನನಗೆ ಆಗಿದೆ. ಆ ನಷ್ಟ ನಿಮ್ಮ ಮಾತಿನಲ್ಲಿ ಎಲ್ಲೂ ಬರಲಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಬೆಳಿಗ್ಗೆ ಕೀ ಕೊಟ್ಟಾಗ ನಾನು ಯಾವ ಸ್ಥಿತಿಯಲ್ಲಿದ್ದೆನೋ ಆ ಸ್ಥಿತಿಗೆ ನನ್ನನ್ನು ತನ್ನಿ. ಅಪಘಾತದ ಹಿಂದಿನ ದಿನ ಮಾರುಕಟ್ಟೆಯಲ್ಲಿ ನನ್ನ ಕಾರಿಗೆ ಇದ್ದ ಬೆಲೆಯನ್ನು, ನಿಮಗೂ ನನಗೂ ಸಂಬಂಧವಿಲ್ಲದ, ವಾಹನದ ಹಾನಿ ಅಂದಾಜು ಮಾಡುವ ಒಬ್ಬ ಸರ್ವೇಯರ್‌ರಿಂದ ಕಟ್ಟಿಸಿ, ಆ ಹಣ ಕೊಟ್ಟು ಈ ಕಾರನ್ನು ನೀವೇ ಇಟ್ಟುಕೊಳ್ಳಿ. ಅಥವಾ ಅದೇ ಮಾದರಿಯ, ಅದೇ ವರ್ಷದ, ಅಷ್ಟೇ ಓಡಿದ, ಅಪಘಾತವಾಗದ ಬೇರೆ ಕಾರು ಕೊಡಿ. ನಾನು ಹೊಚ್ಚ ಹೊಸ ಕಾರು ಕೇಳುತ್ತಿಲ್ಲ. ಹಳೆಯ ಕಾರು ಬಿಟ್ಟು ಹೊಸದನ್ನು ಒಯ್ಯುವುದು ನ್ಯಾಯವಲ್ಲ ಎಂದು ನನಗೂ ಗೊತ್ತು. ಒಂದು ವೇಳೆ ಆ ಸರ್ವೇಯರ್, ಪೆಟ್ಟು ಬಾಡಿಯ ಒಳಗಿನವರೆಗೆ ಹೋಗಿಲ್ಲ, ರಿಪೇರಿ ಸಾಕು ಎಂದು ಅಳತೆಗಳ ಸಮೇತ ಬರೆದು ಕೊಟ್ಟರೆ ಅದಕ್ಕೂ ಒಪ್ಪುತ್ತೇನೆ. ಆಗ ನನಗೆ ಇಷ್ಟವಾದ ಬೇರೆ ಅಧಿಕೃತ ವರ್ಕ್‌ಶಾಪ್‌ನಲ್ಲಿ ಕಂಪನಿಯ ಅಸಲಿ ಬಿಡಿಭಾಗ ಹಾಕಿಸಿ ರಿಪೇರಿ ಆಗಬೇಕು. ಮರುಮಾರಾಟದಲ್ಲಿ ಕುಸಿದ ಬೆಲೆಯನ್ನು ಬೇರೆಯಾಗಿ ಕೊಡಬೇಕು. ಯಾವ ದಾರಿ ಆದರೂ ಚೈಲ್ಡ್ ಸೀಟ್ ಹೊಸದು ಬೇಕು, ಮತ್ತು ವಿಷಯ ಇತ್ಯರ್ಥ ಆಗುವವರೆಗೆ ಓಡಾಡಲು ಅದೇ ದರ್ಜೆಯ ಕಾರು ಬೇಕು. ಕಾರು ನಿಂತಿದ್ದರೂ ಸಾಲದ ಕಂತು ನಿಂತಿಲ್ಲ.

ನನ್ನ ಇನ್ಶೂರೆನ್ಸ್‌ನಲ್ಲಿ ಕ್ಲೈಮ್ ಮಾಡಿ, ಬೇಗ ಆಗುತ್ತದೆ ಎಂಬ ಸಲಹೆಯೂ ಬಂದಿತ್ತು. ಹಾಗೆ ಮಾಡಿದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನನ್ನ ನೋ ಕ್ಲೈಮ್ ಬೋನಸ್, ಹೋಗುತ್ತದೆ, ನನ್ನ ಪಾಲಿನ ಹಣ ನಾನು ಕಟ್ಟಬೇಕಾಗುತ್ತದೆ, ಅಪಘಾತ ನನ್ನ ಪಾಲಿಸಿಯ ದಾಖಲೆಯಲ್ಲಿ ಉಳಿಯುತ್ತದೆ. ಗ್ರಾಹಕರ ಕಾರುಗಳಿಗೆಂದೇ ವರ್ಕ್‌ಶಾಪ್‌ಗಳು ಮಾಡಿಸುವ ವಿಮೆ ಇದೆ. ನಿಮ್ಮಲ್ಲಿ ಅದು ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಆ ಖರ್ಚು ನಿಮ್ಮದು. ವಿಷಯವನ್ನು ನನ್ನ ವಿಮಾ ಕಂಪನಿಗೆ ತಿಳಿಸಿದ್ದೇನೆ, ಕ್ಲೈಮ್ ಮಾಡಿಲ್ಲ.

ಒಂದು ಮುಖ್ಯ ಮಾತು. ಕಾರಿನಿಂದ ಯಾವ ಭಾಗವನ್ನೂ ಬಿಚ್ಚಬೇಡಿ. ಹಲವು ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಿಸುವ ಘಟಕ ಡಿಕ್ಕಿಗೆ ಮೊದಲಿನ ಸುಮಾರು 5 ಸೆಕೆಂಡ್‌ನ ವೇಗ, ಬ್ರೇಕ್, ಆಕ್ಸಿಲರೇಟರ್ ಎಲ್ಲವನ್ನೂ ದಾಖಲಿಸಿಟ್ಟುಕೊಳ್ಳುತ್ತದೆ. ರಿಪೇರಿ ಶುರುವಾದರೆ ಅದೂ ಬದಲಾಗಬಹುದು, ಅದರೊಂದಿಗೆ ಸಾಕ್ಷಿಯೂ ಹೋಗುತ್ತದೆ. ಸರ್ವೇಯರ್ ನೋಡುವವರೆಗೆ ಅದು ಕಾರಿನಲ್ಲೇ ಇರಬೇಕು. ಆ ದಿನದ ಗೇಟಿನ ರಿಜಿಸ್ಟರ್, ಸಿಸಿಟಿವಿ ದೃಶ್ಯ, ಕೀ ಯಾರು ತೆಗೆದುಕೊಂಡರು ಎಂಬ ದಾಖಲೆ ಇವುಗಳನ್ನೂ ಅಳಿಸದೆ ಇಡಿ. ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತಾ ಹೋಗುತ್ತದೆ, ಆದ್ದರಿಂದ ಇಂದೇ ನಕಲು ಮಾಡಿಸಿ. ಕಾರಿನ ಫೋಟೋ ಮತ್ತು ವಿಡಿಯೋ ನನ್ನಲ್ಲಿವೆ, ಜಾಬ್ ಕಾರ್ಡ್‌ನ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

ಆ ಇಬ್ಬರು ಹುಡುಗರ ಬಗ್ಗೆ ಕೂಡ ಬರೆಯಬೇಕು. ಅವರ ಸಂಬಳದಿಂದ ಹಿಡಿದು ಕೊಡುತ್ತೇವೆ ಎಂದು ನಿಮ್ಮವರೊಬ್ಬರು ನನ್ನ ಮುಂದೆಯೇ ಹೇಳಿದರು, ಆ ಹುಡುಗರು ಅಲ್ಲೇ ನಿಂತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಅವರು ತಪ್ಪು ಮಾಡಿದ್ದಾರೆ, ಅದಕ್ಕೆ ನಿಮ್ಮ ನಿಯಮದ ಪ್ರಕಾರ ಕ್ರಮ ಇರಲಿ. ಆದರೆ ಗ್ರಾಹಕರ ಕೀಗಳನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗುವಂತೆ ಬಿಟ್ಟದ್ದು ಸಂಸ್ಥೆ. ವರ್ಷಗಟ್ಟಲೆ ದುಡಿದರೂ ತೀರದ ಹೊರೆಯನ್ನು ಅವರ ಮೇಲೆ ಹಾಕಿ ನನಗೆ ಪರಿಹಾರ ಕೊಟ್ಟರೆ ಆ ಹಣ ನನಗೆ ಬೇಡ. ಅದು ಸಂಸ್ಥೆಯಿಂದಲೇ ಬರಬೇಕು.

ಈ ಪತ್ರ ತಲುಪಿದ 15 ದಿನಗಳ ಒಳಗೆ ಬರಹದಲ್ಲಿ ಉತ್ತರ ಕೊಡಿ. ಫೋನಿನಲ್ಲಿ ಹೇಳಿದ್ದನ್ನು ನಾನು ಉತ್ತರ ಎಂದು ತೆಗೆದುಕೊಳ್ಳುವುದಿಲ್ಲ. "ಇನ್ನು ಯಾವ ಬೇಡಿಕೆಯೂ ಇಲ್ಲ" ಎಂದು ಬರೆದ ಕಾಗದಕ್ಕೆ ಸಹಿ ಹಾಕಲು ಕಾರಿನ ಪರೀಕ್ಷೆ ಮುಗಿಯುವ ಮೊದಲು ನನ್ನನ್ನು ಕೇಳಬೇಡಿ, ಹಾಕುವುದಿಲ್ಲ. ಅಷ್ಟರಲ್ಲಿ ಉತ್ತರ ಬರದಿದ್ದರೆ ವಕೀಲರ ನೋಟಿಸ್ ಕಳಿಸಿ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಕುಳಿತು ಮಾತಾಡಿ ಮುಗಿಸುವುದೇ ನನಗೂ ಇಷ್ಟ. ಸರ್ವೇಯರ್ ಬರುವ ದಿನ ಮತ್ತು ಸಮಯ ತಿಳಿಸಿದರೆ ನಾನೂ ಬಂದು ಜೊತೆಗಿರುತ್ತೇನೆ. ಅಲ್ಲಿಯವರೆಗೆ ಕಾರನ್ನು ಮಳೆ ಬೀಳದ ಕಡೆ ನಿಲ್ಲಿಸಿ, ಕೀಯನ್ನು ನಿಮ್ಮ ಸ್ವಂತ ಕೋಣೆಯಲ್ಲಿ ಬೀಗ ಹಾಕಿ ಇಡಿ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಜಾಬ್ ಕಾರ್ಡ್‌ನ ಪ್ರತಿ, ಕಾರಿನ ಫೋಟೋಗಳು, ಮೀಟರ್‌ನ ಫೋಟೋ