ಖಂಡೆ ಪೂಜೆಗೆ ಮುಂಚೆ ಒಂದು ಮಾತು

ಸಂಪಾದಕರೇ,

ಮಹಾನವಮಿ ಹತ್ತಿರ ಬಂತು. ಅಟ್ಟದ ಮೇಲಿನ ಕತ್ತಿ, ಹಳೇ ಬಂದೂಕು ಎಲ್ಲ ಕೆಳಗಿಳಿಯುವ ಹೊತ್ತು. ದಯವಿಟ್ಟು ಅವನ್ನು ಉಜ್ಜಬೇಡಿ.

ಹೋದ ವರ್ಷ ನರಗುಂದದ ಕಡೆಯ ಬೀಗರ ಮನೆಯಲ್ಲಿ ಒಂದು ಗಿಡ್ಡ ಬಂದೂಕು ನೋಡಿದೆ. ನಳಿಕೆ ಮೊಳ ಉದ್ದ ಕೂಡ ಇಲ್ಲ, 16 ಇಂಚು ಅಷ್ಟೇ. ಕಂಪನಿ ಕಾಲದ ಕಾಲಾಳು ಸಿಪಾಯಿಯ ಬಂದೂಕಿಗೆ 39 ಇಂಚಿನ ನಳಿಕೆ ಇರುತ್ತಿತ್ತು, ಅದನ್ನು ಕುದುರೆ ಮೇಲೆ ಕೂತು ತುಂಬುವುದು ಆಗದ ಮಾತು. ಈ ಗಿಡ್ಡ ಬಂದೂಕಿನ ಎಡಮಗ್ಗುಲಿಗೆ ಕಬ್ಬಿಣದ ಸರಳು, ಅದರಲ್ಲಿ ಹಿಂದೆ ಮುಂದೆ ಜಾರುವ ಬಳೆ. ಸವಾರ ಹೆಗಲ ಪಟ್ಟಿಯ ಕೊಕ್ಕೆಗೆ ಅದನ್ನು ಸಿಕ್ಕಿಸಿಕೊಳ್ಳುತ್ತಿದ್ದ. ಮದ್ದು ಜಡಿಯುವ ಗಜವೂ ನಳಿಕೆಯ ಬಾಯಿಗೆ ಕೊಂಡಿಯಿಂದ ಸೇರಿಕೊಂಡಿತ್ತು, ಕುದುರೆ ಓಡುವಾಗ ಕೈಜಾರಿ ಬೀಳಬಾರದಲ್ವಾ? ಪ್ಯಾಜೆಟ್ ಮಾದರಿಯ ಕಾರ್ಬೈನ್, ಅಂದರೆ ಕುದುರೆ ಸವಾರರ ಗಿಡ್ಡ ಬಂದೂಕು! 20 ವರ್ಷದಿಂದ ಹಳೇ ಆಯುಧಗಳ ಹಿಂದೆ ಬಿದ್ದವನು ನಾನು, ಇಂಥದ್ದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಆದರೆ ಬೀಗರ ಮಗ ಹಿಂದಿನ ದಿನವೇ ಎಮರಿ ಪೇಪರ್ ಹಾಕಿ ತಿಕ್ಕಿದ್ದ. "ಬೆಳ್ಳಿಯಂಗ ಹೊಳೀತೈತಿ ನೋಡ್ರಿ ಕಾಕಾ" ಅಂದ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕಾದರೆ ಮದ್ದಿಗೆ ಕಿಡಿ ಹೊತ್ತಿಸುವ ಭಾಗದ (ಲಾಕ್) ತಗಡಿನ ಮೇಲೆ ಗುರುತು ಇರುತ್ತದೆ. ಮೊದಲು ಹೃದಯದಾಕಾರದ ಮುದ್ರೆ ಇತ್ತು, 1808ರ ನಂತರ ಸಿಂಹ. ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಬಾಲದ ಹಾಗೆ ಒಂದು ಗೆರೆ ಕಂಡಿತು. ಸಿಂಹದ ಬಾಲವೋ, ಎಮರಿ ಪೇಪರಿನ ಗೀರೋ?

ಪೂಜೆ ಬೇಡ ಅನ್ನುತ್ತಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಸವರಿ. ಸಾಕು. ಹಾಂ, ಹಳೇ ನಳಿಕೆಯೊಳಗೆ ಮದ್ದು ಹಾಗೇ ಉಳಿದಿರಬಹುದು, ದೀಪದ ಹತ್ತಿರ ಇಡಬೇಡಿ.

"ಹಳೇದು, ಲೈಸೆನ್ಸ್ ಬೇಕಿಲ್ಲ" ಅಂತ ನಮ್ಮ ಸಂಗ್ರಹಕಾರರೇ ಸುಮ್ನೆ ಧೈರ್ಯ ಹೇಳುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇರುವುದು ನಿಜ, ಆದರೆ ರಿಪೇರಿ ಮಾಡಿದರೂ ಹಾರದಂಥ ಬಂದೂಕಿಗೆ ಮಾತ್ರ. ಇದು ಗೊತ್ತಾದ ಮೇಲೆ ಕೆಲವರು ಹೆದರಿ ಬಾವಿಗೆ ಎಸೆಯುತ್ತಾರೆ, ಇಲ್ಲವೇ ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ನವರಾತ್ರಿಯಲ್ಲಿ ಒಂದು ದಿನ ಪೊಲೀಸರು, ಮ್ಯೂಸಿಯಂ ಬಲ್ಲವರು ಒಟ್ಟಿಗೆ ಕೂತು, ಜನ ತಂದದ್ದನ್ನು ಕೇಸಿನ ಭಯವಿಲ್ಲದೆ ನೋಡಿ ದಾಖಲಿಸುವಂತೆ ಜಿಲ್ಲಾಡಳಿತ ಏರ್ಪಾಡು ಮಾಡಲಿ. ಗದಗಿನಲ್ಲೇ ಶುರು ಮಾಡಿದರೆ ಬೀಗರನ್ನು ಮೊದಲು ನಾನೇ ಕರೆತರುತ್ತೇನೆ.

– ಹಳೇ ಆಯುಧಗಳ ಸಂಗ್ರಹಕಾರ, ಗದಗ