ಚಳಿಗಾಲದಲ್ಲಿ ಪಾಲಿನ ದೋಣಿಗೆ ಯಾರು ದಿಕ್ಕು?

ಮಾನ್ಯ ಸಂಪಾದಕರೇ,

ನಾಲ್ಕಾರು ಮನೆಯವರು ಸೇರಿ ಒಂದು ನದಿ ದೋಣಿ ಕೊಳ್ಳುವಾಗ ಮಾತುಕತೆಯೆಲ್ಲ ಬೇಸಿಗೆಯ ಸುತ್ತಲೇ ನಡೆಯುತ್ತದೆ. ಯಾರಿಗೆ ಯಾವ ವಾರ, ಡೀಸೆಲ್ ಖರ್ಚಿನ ಹಂಚಿಕೆ ಹೇಗೆ, ರಜೆಯ ದಿನಗಳಿಗೆ ಚೀಟಿ ಎತ್ತುವುದೋ ಸರದಿಯೋ, ಎಲ್ಲವೂ ಕರಾರಿನಲ್ಲಿ ಬರುತ್ತದೆ. ಚಳಿಗಾಲದ ಮೂರ್ನಾಲ್ಕು ತಿಂಗಳು ಅದೇ ದೋಣಿ ದಡದಲ್ಲಿ ಸುಮ್ಮನೆ ನಿಂತಿರುತ್ತದಲ್ಲ, ಆಗ ಅದರ ಹೊಣೆ ಯಾರದೆಂದು ಒಂದು ಸಾಲೂ ಇರುವುದಿಲ್ಲ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಪಾಲಿನ ದೋಣಿಗಳು ಹೆಚ್ಚಾಗಿ ಕೆಡುವುದು ಓಡಾಡುವಾಗಲ್ಲ, ಹೀಗೆ ನಿಂತಾಗ. ಅದಕ್ಕೆ ಚಳಿಯೊಂದೇ ಕಾರಣವಲ್ಲ. ‘ಇನ್ನೊಬ್ಬರು ಮಾಡಿರುತ್ತಾರೆ’ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಅದಕ್ಕೇ ಈ ಪತ್ರ.

ನಮ್ಮ ಮುಖ್ಯ ಮಾತು ಇಷ್ಟು: ಚಳಿಗಾಲದಲ್ಲಿ ದೋಣಿ ‘ಬಳಕೆಯಲ್ಲಿದೆ’ ಅಥವಾ ‘ಮುಚ್ಚಿದೆ’ (ನೀರೆಲ್ಲ ಬಸಿದು ಚಳಿಗೆ ಸಿದ್ಧ ಮಾಡಿದೆ), ಎರಡರಲ್ಲಿ ಒಂದು ಸ್ಥಿತಿಯಲ್ಲೇ ಇರಬೇಕು. ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ದೋಣಿಯೊಳಗಿನ ಪುಸ್ತಕದಲ್ಲಿ ದಿನಾಂಕ, ಸಹಿಯ ಸಮೇತ ಬರೆದಿರಬೇಕು. ಅರ್ಧ ಮುಚ್ಚಿದ ದೋಣಿಯಷ್ಟು ಅಪಾಯದ್ದು ಬೇರೆ ಇಲ್ಲ. ಒಬ್ಬರು ನೀರೆಲ್ಲ ಬಸಿದು ಹೋಗಿರುತ್ತಾರೆ. ಎರಡು ವಾರದ ನಂತರ ಒಳ್ಳೆಯ ಬಿಸಿಲು ಬಿತ್ತೆಂದು ಇನ್ನೊಬ್ಬರು ಬಂದು, ಟ್ಯಾಂಕ್ ತುಂಬಿಸಿ, ಒಂದು ರಾತ್ರಿ ತಂಗಿ ಹೋಗುತ್ತಾರೆ. ಮೊದಲಿನವರು ಬಸಿದದ್ದು ನೆನಪಿದ್ದವರೆಲ್ಲ ನಿಶ್ಚಿಂತೆಯಿಂದ ಇರುತ್ತಾರೆ. ಮುಂದಿನ ಹಿಮದ ರಾತ್ರಿ ನಲ್ಲಿಗಳಿಗೆ ನೀರೊತ್ತುವ ಪಂಪ್ ಒಡೆಯುತ್ತದೆ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಮೆದು ಪ್ಲಾಸ್ಟಿಕ್ ಪೈಪು ಅದನ್ನು ಅಷ್ಟಿಷ್ಟು ತಡೆದುಕೊಂಡೀತು. ಪಂಪಿನ ತಲೆ, ಹಿತ್ತಾಳೆಯ ನಲ್ಲಿ, ಸ್ನಾನದ ಮಿಕ್ಸರ್, ವಾಟರ್ ಹೀಟರಿನೊಳಗಿನ ಸಣ್ಣ ಕೊಳವೆಗಳು ತಡೆಯುವುದಿಲ್ಲ. ಟ್ಯಾಂಕ್ ಖಾಲಿಯಾದರೆ ಸಾಕು ಎಂದು ಹಲವರು ತಿಳಿಯುತ್ತಾರೆ. ಟ್ಯಾಂಕಿನಲ್ಲಿ ನೀರಿಗೆ ಹಿಗ್ಗಲು ಜಾಗವಿರುತ್ತದೆ. ಒಡೆಯುವುದು ಕಿರಿದಾದ ಜಾಗಗಳು. ಆದ್ದರಿಂದ ಪಂಪಿನ ಸ್ವಿಚ್ ಆರಿಸಿ, ಬಿಸಿನೀರಿನ ಸಿಲಿಂಡರಿನ ಅಡಿಯಲ್ಲಿರುವ ಡ್ರೈನ್ ವಾಲ್ವನ್ನೂ ವ್ಯವಸ್ಥೆಯ ಅತಿ ತಗ್ಗಿನ ಬಿಂದುವಿನ ವಾಲ್ವನ್ನೂ ತೆರೆಯಬೇಕು. ಎಲ್ಲ ನಲ್ಲಿಗಳೂ ತೆರೆದಿರಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಹೋಗದೆ ನೀರು ಅಲ್ಲಲ್ಲೇ ನಿಲ್ಲುತ್ತದೆ. ಬಸಿದಾದ ಮೇಲೆ ಪಂಪನ್ನು ಕೆಲವೇ ಸೆಕೆಂಡು ಓಡಿಸಿದರೆ ಅದರ ಹೊಟ್ಟೆಯಲ್ಲಿ ಉಳಿದದ್ದೂ ಹೊರಬರುತ್ತದೆ. ಪಂಪಿನ ಮುಂದಿರುವ ಸಣ್ಣ ಜಾಲರಿ ಫಿಲ್ಟರಿನ ಬಟ್ಟಲನ್ನು ಬಿಚ್ಚಿಡಿ. ಷವರಿನ ಹೋಸನ್ನು ಕೊಂಡಿಯಿಂದ ತೆಗೆದು ನೆಲದ ಮೇಲೆ ಬಿಡಿ. ಮೇಲೆ ತೂಗುಬಿಟ್ಟರೆ ಅದರ ಬಾಗಿನಲ್ಲಿ ಒಂದಿಷ್ಟು ನೀರು ಕೂತೇ ಇರುತ್ತದೆ, ಮಿಕ್ಸರ್ ಸೀಳಲು ಅಷ್ಟು ಸಾಕು. ಮಿಕ್ಸರನ್ನು ಬಿಸಿ-ತಣ್ಣೀರಿನ ನಡುವಿನ ಸ್ಥಾನದಲ್ಲಿ, ನಲ್ಲಿಗಳನ್ನು ತೆರೆದ ಸ್ಥಿತಿಯಲ್ಲೇ ಬಿಟ್ಟು ಬನ್ನಿ. ಹೆಪ್ಪುಗಟ್ಟದಿರಲೆಂದು ಕುಡಿಯುವ ನೀರಿನ ಕೊಳವೆಗೆ ಎಂಜಿನ್ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಯಾವ ಕಾರಣಕ್ಕೂ ಸುರಿಯಬಾರದು. ಎಂಜಿನ್ನಿಗೆ ಸಾಮಾನ್ಯವಾಗಿ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಹಾಕಲೇಬೇಕೆಂದಿದ್ದರೆ ಕುಡಿಯುವ ನೀರಿನ ವ್ಯವಸ್ಥೆಗೆಂದೇ ಬರುವ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ.

ಎಂಜಿನ್ನಿನ ವಿಷಯದಲ್ಲಿ ಮೊದಲು ಗೊತ್ತಿರಬೇಕಾದ್ದು ಅದು ಹೇಗೆ ತಣಿಯುತ್ತದೆ ಎಂಬುದು. ಒಳಗಿನ ನೀರೇ ಸುತ್ತಿ ಸುತ್ತಿ ದೋಣಿಯ ಒಡಲಿನ ತಗಡಿಗೆ ಶಾಖ ಬಿಟ್ಟು ಬರುವ ಮುಚ್ಚಿದ ವ್ಯವಸ್ಥೆಯಾದರೆ ಕೂಲೆಂಟ್ ಸರಿಯಾಗಿದ್ದರೆ ಸಾಕು. ಮೂರರಲ್ಲೊಂದು ಪಾಲು ಗ್ಲೈಕಾಲ್ ಇದ್ದರೆ ಸೊನ್ನೆಗಿಂತ ಸುಮಾರು 17-18 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ, ಅರ್ಧಕ್ಕರ್ಧ ಇದ್ದರೆ ಸುಮಾರು 35 ಡಿಗ್ರಿ ಕೆಳಗಿನವರೆಗೆ ರಕ್ಷಣೆ ಸಿಗುತ್ತದೆ. ಪಾಲಿನ ದೋಣಿಯಲ್ಲಿ ಇದು ಸದ್ದಿಲ್ಲದೆ ಕೆಡುತ್ತದೆ. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಒಬ್ಬೊಬ್ಬರೂ ಒಂದೊಂದು ಲೋಟ ಬರೀ ನೀರು ಸೇರಿಸುತ್ತಾ ಹೋಗುತ್ತಾರೆ, ಚಳಿಗಾಲ ಬರುವ ಹೊತ್ತಿಗೆ ಮಿಶ್ರಣ ತೆಳ್ಳಗಾಗಿರುತ್ತದೆ. ಬಣ್ಣ ನೋಡಿ ತೀರ್ಮಾನಿಸಬೇಡಿ, ಗ್ಲೈಕಾಲಿನ ಪ್ರಮಾಣ ತೋರಿಸುವ ರಿಫ್ರ್ಯಾಕ್ಟೊಮೀಟರಿನಲ್ಲಿ ಎರಡು ಹನಿ ಹಾಕಿ ಅಳೆಯಿರಿ. ಮೊದಲೇ ಬೆರೆಸಿದ ಕೂಲೆಂಟಿನ ಡಬ್ಬಿಯೊಂದನ್ನು ಎಂಜಿನ್ ಪಕ್ಕದಲ್ಲೇ ಇಟ್ಟರೆ ಬರೀ ನೀರು ಸುರಿಯುವ ಚಾಳಿ ನಿಲ್ಲುತ್ತದೆ.

ನದಿಯ ನೀರನ್ನೇ ಎಳೆದು ತಣಿಯುವ ಎಂಜಿನ್ನಾದರೆ ಕೆಲಸ ಹೆಚ್ಚು. ನದಿ ನೀರು ಒಳಬರುವ ಒಡಲಿನ ವಾಲ್ವ್ ಮುಚ್ಚಿ, ಕಸ ಹಿಡಿಯುವ ಜಾಲರಿ ಡಬ್ಬಿ, ಹೀಟ್ ಎಕ್ಸ್‌ಚೇಂಜರ್, ಹೊಗೆ ಕೊಳವೆಯ ತಗ್ಗಿನ ಮಫ್ಲರ್, ಎಲ್ಲವನ್ನೂ ಬಸಿಯಬೇಕು. ಆ ನೀರೆಳೆಯುವ ಪಂಪಿನೊಳಗಿನ ರಬ್ಬರ್ ಇಂಪೆಲ್ಲರನ್ನು (ನೀರು ತಳ್ಳುವ ರೆಕ್ಕೆಚಕ್ರ) ತೆಗೆದಿಡುವುದು ಲೇಸು. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಮಡಿಚಿಕೊಂಡಿದ್ದರೆ ಅದರ ರೆಕ್ಕೆಗಳು ಹಾಗೇ ಸೆಟೆದು, ಮರುವರ್ಷ ಮುರಿದು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಆದರೆ ಪಾಲುದಾರಿಕೆಯ ಅಪಾಯ ಇರುವುದೂ ಇಲ್ಲೇ. ಇಂಪೆಲ್ಲರ್ ಇಲ್ಲದ, ವಾಲ್ವ್ ಮುಚ್ಚಿದ ಎಂಜಿನ್ನನ್ನು ವಿಷಯ ತಿಳಿಯದ ಇನ್ನೊಬ್ಬರು ಶುರು ಮಾಡಿದರೆ ಕೆಲವೇ ನಿಮಿಷದಲ್ಲಿ ಹೊಗೆ ಕೊಳವೆಯ ರಬ್ಬರ್ ಸುಡುತ್ತದೆ, ಎಂಜಿನ್ ಕುದಿಯುತ್ತದೆ. ಹಾಗಾಗಿ ಕೀಲಿಯನ್ನು ಕೀಲಿಯ ಜಾಗದಲ್ಲಿ ಬಿಡಬೇಡಿ. ಇಂಪೆಲ್ಲರನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕೀಲಿಯನ್ನೂ ಅದಕ್ಕೇ ಕಟ್ಟಿ, ‘ವಾಲ್ವ್ ಮುಚ್ಚಿದೆ, ಶುರು ಮಾಡಬೇಡಿ’ ಎಂಬ ಅಂಗೈಯಗಲದ ಕೆಂಪು ಚೀಟಿ ತೂಗುಹಾಕಿ. ಇಂಪೆಲ್ಲರ್ ಕೈಗೆ ಬರದೆ ಕೀಲಿ ಕೈಗೆ ಬರಕೂಡದು. ದೋಣಿಯಲ್ಲಿ ಎಷ್ಟು ಕೀಲಿಗಳಿವೆಯೋ ಅಷ್ಟಕ್ಕೂ ಚೀಟಿ ಬೇಕು, ಪಾಲುದಾರರ ಮನೆಯಲ್ಲಿರುವ ಕೀಲಿಗಳಿಗೂ.

ಎಂಜಿನ್ ಎಣ್ಣೆಯನ್ನು ಬದಲಿಸುವುದು ಮುಚ್ಚುವ ಮೊದಲು, ತೆರೆಯುವಾಗಲ್ಲ. ಬಳಸಿದ ಎಣ್ಣೆಯಲ್ಲಿ ಆಮ್ಲದ ಅಂಶವೂ ತೇವವೂ ಸೇರಿರುತ್ತವೆ, ಅವು ಚಳಿಗಾಲವಿಡೀ ಬೇರಿಂಗುಗಳ ಮೇಲೆ ಕೂತಿರಬಾರದು. ಡೀಸೆಲ್ ಟ್ಯಾಂಕನ್ನು ಹೆಚ್ಚುಕಡಿಮೆ ಭರ್ತಿ ಮಾಡಿಬಿಡಿ. ಖಾಲಿ ಜಾಗ ಹೆಚ್ಚಿದ್ದಷ್ಟೂ ಒಳಗೋಡೆಯಲ್ಲಿ ಇಬ್ಬನಿ ಕಟ್ಟಿ ನೀರು ತಳಕ್ಕಿಳಿಯುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಮೊದಲ ಓಡಾಟದಲ್ಲೇ ಫಿಲ್ಟರಿಗೆ ಕಪ್ಪು ಲೋಳೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಒಂದು ಜಗಳವೂ ಕಾದಿರುತ್ತದೆ: ಕೊನೆಯ ಸರದಿಯವರು ತಮ್ಮ ದುಡ್ಡಿನಲ್ಲಿ ಟ್ಯಾಂಕ್ ಏಕೆ ತುಂಬಬೇಕು? ತುಂಬಬೇಕಾಗಿಲ್ಲ. ಚಳಿಗಾಲದ ಭರ್ತಿ ಸಾಮಾನ್ಯ ನಿಧಿಯಿಂದ ಎಂದು ಕರಾರಿನಲ್ಲೇ ಬರೆದುಬಿಟ್ಟರೆ ಆ ಮಾತೇ ಏಳುವುದಿಲ್ಲ.

ದೋಣಿಯ ಮೇಲೆ ನಿಜವಾದ ಪ್ರೀತಿಯಿರುವ ಪಾಲುದಾರರೇ ಮಾಡುವ ತಪ್ಪೊಂದಿದೆ. ನೋಡಿಕೊಂಡು ಹೋಗಲು ಬಂದವರೆಲ್ಲ ‘ಹತ್ತು ನಿಮಿಷ ಎಂಜಿನ್ ಓಡಿಸಿದೆ’ ಎಂದು ಬರೆದು ಹೋಗುತ್ತಾರೆ. ದಯವಿಟ್ಟು ಬೇಡ. ಗೇರು ಹಾಕದೆ ಹತ್ತು ನಿಮಿಷ ಓಡಿದ ಡೀಸೆಲ್ ಎಂಜಿನ್ ಬಿಸಿಯಾಗುವುದೇ ಇಲ್ಲ; ಒಳಗೆ ತೇವ ಕಟ್ಟುತ್ತದೆ, ಸಿಲಿಂಡರಿನಲ್ಲಿ ಮಸಿ ಕೂರುತ್ತದೆ, ಸ್ಟಾರ್ಟ್ ಮಾಡಲು ಖರ್ಚಾದಷ್ಟು ವಿದ್ಯುತ್ತು ಬ್ಯಾಟರಿಗೆ ವಾಪಸು ಬರುವುದೂ ಅನುಮಾನ. ಮುಚ್ಚದೆ ಬಳಕೆಯಲ್ಲಿಟ್ಟ ದೋಣಿಯಾದರೆ ತಿಂಗಳಿಗೊಮ್ಮೆ ಮುಕ್ಕಾಲು ಗಂಟೆಯಾದರೂ ಗೇರಿನಲ್ಲಿ, ಭಾರ ಬೀಳುವಂತೆ ಓಡಿಸಿ. ಮುಚ್ಚಿದ ದೋಣಿಯಾದರೆ ಮುಟ್ಟಬೇಡಿ.

ಬ್ಯಾಟರಿಯ ಲೆಕ್ಕ ಸರಳ. ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿ ಪಡೆದ ಮೇಲೆ 12.7 ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧಕ್ಕೆ ಇಳಿದಿದೆ. ತುಂಬಿದ ಬ್ಯಾಟರಿ ಎಂಥ ಚಳಿಗೂ ಜಗ್ಗುವುದಿಲ್ಲ. ಪೂರ್ತಿ ಇಳಿದದ್ದರ ದ್ರವ ಬಹುಪಾಲು ಬರೀ ನೀರಾಗಿರುವುದರಿಂದ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಕವಚ ಸೀಳುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಚಾರ್ಜ್ ಮಾಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಇದೇ ನಿಯಮ ಹೊಂದುವುದಿಲ್ಲ: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಒಳಗೊಳಗೇ ಹಾಳಾಗುತ್ತದೆ. ಅರ್ಧದಷ್ಟು ತುಂಬಿಸಿ, ಸಂಪರ್ಕ ಕಡಿದು ಇಡುವುದು ಸರಿ. ಸಂಪರ್ಕ ಕಡಿಯುವಾಗ ತಳದ ನೀರೆತ್ತುವ ಬಿಲ್ಜ್ ಪಂಪಿನ ವೈರನ್ನು ಮಾತ್ರ ಬಿಡಿಸಬೇಡಿ. ಅದು ಮುಖ್ಯ ಸ್ವಿಚ್ಚಿನ ಹಿಂದಿನಿಂದ ನೇರ ಬ್ಯಾಟರಿಗೆ ಸೇರಿರಬೇಕು.

ಆ ಪಂಪ್ ಏಕೆ ಅಷ್ಟು ಮುಖ್ಯವೆಂದರೆ ಈ ಲೆಕ್ಕ ನೋಡಿ. ಪ್ರೊಪೆಲ್ಲರ್ ದಂಡ ಹೊರಹೋಗುವಲ್ಲಿ ನೀರು ತಡೆಯುವ ಗ್ಲ್ಯಾಂಡಿನಿಂದ ಸೆಕೆಂಡಿಗೆ ಒಂದು ಹನಿ ಬೀಳುತ್ತಿದ್ದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೂ ನಾಲ್ಕು ಲೀಟರಿಗೂ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರ್. ಪ್ಯಾಕಿಂಗ್ ಹಾಕಿದ ಗ್ಲ್ಯಾಂಡ್ ಓಡುವಾಗ ಆಗೊಂದು ಈಗೊಂದು ಹನಿ ಬಿಡುವುದು ಸಹಜ, ನಿಂತಾಗ ಒಣಗಿರಬೇಕು. ಬಿಟ್ಟು ಹೋಗುವ ಮುನ್ನ ಅದಕ್ಕೆ ಗ್ರೀಸ್ ಒತ್ತುವ ಕಪ್ಪನ್ನು ಕೈಗೆ ಬಿಗಿ ಹತ್ತುವವರೆಗೆ ತಿರುಗಿಸಿ, ಟಾರ್ಚ್ ಹಿಡಿದು ಐದು ನಿಮಿಷ ಅಲ್ಲೇ ಕೂತು ನೋಡಿ. ಮಳೆಯೂ ಕಡಿಮೆಯದಲ್ಲ. 10 ಚದರ ಮೀಟರ್ ತೆರೆದ ಡೆಕ್ಕಿನ ಮೇಲೆ 50 ಮಿಲಿಮೀಟರ್ ಬಿದ್ದರೆ 500 ಲೀಟರ್, ಅಂದರೆ ಅರ್ಧ ಟನ್. ನೀರು ಹರಿದುಹೋಗುವ ತೂತನ್ನು ಒಂದೇ ಒಂದು ಒಣ ಎಲೆ ಮುಚ್ಚಿದ್ದರೆ ಅಷ್ಟೂ ಒಳಗೆ. ಮರದ ದೋಣಿಗಳಿಗಂತೂ ನದಿಯ ನೀರಿಗಿಂತ ಈ ಮಳೆನೀರೇ ಶತ್ರು, ನಿಂತಲ್ಲಿ ಹಲಗೆ ಕೊಳೆಯುತ್ತದೆ.

ಹಗ್ಗಗಳ ವಿಷಯಕ್ಕೆ ಹೆಚ್ಚು ಒತ್ತು ಕೊಡಬೇಕಾಗಿದೆ. ನದಿಯು ಕೆರೆಯಂತಲ್ಲ, ರಾತ್ರೋರಾತ್ರಿ ಏರುತ್ತದೆ, ಇಳಿಯುತ್ತದೆ. ದೋಣಿ ಅಲುಗಬಾರದೆಂದು ಗಿಡ್ಡ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿದರೆ, ನೀರು ಏರಿದಾಗ ದಡದ ಕಡೆಯ ಅಂಚನ್ನು ಹಗ್ಗವೇ ಹಿಡಿದಿಟ್ಟು ದೋಣಿ ವಾಲುತ್ತದೆ, ಕೊನೆಗೆ ಆ ಅಂಚು ಮುಳುಗಿ ನೀರು ನುಗ್ಗುತ್ತದೆ. ಸಡಿಲ ಬಿಟ್ಟರೆ ಪ್ರವಾಹದಲ್ಲಿ ದಡದ ಮೇಲೇರಿ, ನೀರು ಇಳಿದಾಗ ಅಲ್ಲೇ ಓರೆಯಾಗಿ ಕೂರುತ್ತದೆ. ಉತ್ತರ ಇರುವುದು ಉದ್ದದಲ್ಲಿ. ಮೂತಿಯಿಂದ ಮುಂದಕ್ಕೆ, ಹಿಂಬದಿಯಿಂದ ಹಿಂದಕ್ಕೆ ಉದ್ದನೆಯ ಓರೆ ಹಗ್ಗಗಳು, ಜೊತೆಗೆ ದೋಣಿಯ ನಡುಭಾಗದಿಂದ ಹಿಂದಕ್ಕೂ ಮುಂದಕ್ಕೂ ಎದುರುಬದುರಾಗಿ ಎಳೆಯುವ ಎರಡು ಸ್ಪ್ರಿಂಗ್ ಹಗ್ಗಗಳು. ಹಗ್ಗ ಉದ್ದವಿದ್ದಷ್ಟೂ ನೀರಿನ ಏರಿಳಿತಕ್ಕೆ ಅದು ಕಡಿಮೆ ಬಿಗಿಯಾಗುತ್ತದೆ. ದಡ ತಗ್ಗಾಗಿದ್ದರೆ ದೋಣಿಗೂ ದಡಕ್ಕೂ ನಡುವೆ ನದಿಯ ತಳಕ್ಕೆ ಊರಿದ ಗಟ್ಟಿ ಕಂಬಗಳು ಬೇಕು. ಹಗ್ಗಕ್ಕೆ ಹಿಗ್ಗುವ ಗುಣದ ನೈಲಾನ್ ಒಳ್ಳೆಯದು. ಅಗ್ಗವೆಂದು ಪಾಲಿಪ್ರೊಪಿಲೀನ್ ತಂದರೆ ಬಿಸಿಲಿಗೆ ಅದರ ಮೈ ಪುಡಿಪುಡಿಯಾಗಿ ಉದುರುತ್ತದೆ, ಅಂಗೈಗೆ ಚುಚ್ಚುವಷ್ಟು ಒರಟಾಗಿದ್ದರೆ ಆ ಹಗ್ಗದ ಕಾಲ ಮುಗಿಯಿತು. ಅಂಚಿಗೆ ಉಜ್ಜುವಲ್ಲೆಲ್ಲ ಹಳೆಯ ಹೋಸ್ ಪೈಪಿನ ತುಂಡು ತೊಡಿಸಿ.

ಬೀಗ ಹಾಕಿ ಹೊರಡುವಾಗಲೂ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಚಳಿ ಒಳಬರುತ್ತದೆಂದು ಮುಚ್ಚಿದರೆ ಉಸಿರಾಡದ ದೋಣಿಯಲ್ಲಿ ಬೂಷ್ಟು ಹಿಡಿಯುತ್ತದೆ. ಮುಂದೆ ಒಬ್ಬರು ಬಂದು ಸೌದೆ ಒಲೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಹೊರಹೋಗಲು ದಾರಿಯೇ ಇರುವುದಿಲ್ಲ, ಪ್ರಾಣಕ್ಕೇ ಕುತ್ತು. ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಗುಂಡಿ ಒತ್ತಿ ನೋಡಿ. ಹಾಸಿಗೆಗಳನ್ನು ನೆಟ್ಟಗೆ ನಿಲ್ಲಿಸಿ, ಬೀರುಗಳ ಬಾಗಿಲು ತೆರೆದಿಡಿ. ಗ್ಯಾಸನ್ನು ಸಿಲಿಂಡರಿನ ಬುಡದಲ್ಲೇ ಬಂದ್ ಮಾಡಬೇಕು. ಅದು ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ.

ಇಷ್ಟೂ ಕೆಲಸಕ್ಕೆ ಇಬ್ಬರು ಸೇರಿದರೆ ಒಂದು ದಿನ ಹಿಡಿಯುತ್ತದೆ. ಆ ಇಬ್ಬರು ಯಾರು, ಯಾವ ದಿನ ಎಂಬುದನ್ನು ಬೇಸಿಗೆಯ ಸರದಿಪಟ್ಟಿ ಹಾಕುವಾಗಲೇ ಹಾಕಿಬಿಡಬೇಕು. ‘ಕೊನೆಗೆ ಬಳಸಿದವರು ಮುಚ್ಚಲಿ’ ಎಂಬ ನಿಯಮ ನಡೆಯುವುದಿಲ್ಲ; ಕೊನೆಯವರು ತಾವೇ ಎಂದು ಕೊನೆಯವರಿಗೆ ಗೊತ್ತಿರುವುದಿಲ್ಲ. ಆಮೇಲೆ ಎರಡು ವಾರಕ್ಕೊಬ್ಬರಂತೆ, ನೀರು ಏರಿದ ಸುದ್ದಿ ಬಂದರೆ ಅದೇ ದಿನ, ಒಬ್ಬರು ಹೋಗಿ ಹಗ್ಗ, ತಳದ ನೀರು, ಬ್ಯಾಟರಿಯ ವೋಲ್ಟು ಮೂರನ್ನೂ ನೋಡಿ ಬರೆಯಬೇಕು. ‘ಎಲ್ಲ ಸರಿಯಿದೆ’ ಎಂದು ಬರೆದರೆ ಉಪಯೋಗವಿಲ್ಲ. ‘ತಳದಲ್ಲಿ ಎರಡು ಬೆರಳು ನೀರು, 12.5’ ಎಂದಿದ್ದರೆ ಮುಂದಿನವರು ಹೋಲಿಸಿ ನೋಡಬಹುದು. ಹಗ್ಗ ಹರಿದಿದ್ದರೆ, ಪಂಪ್ ನಿಂತಿದ್ದರೆ ಎಲ್ಲರ ಒಪ್ಪಿಗೆಗೆ ಕಾಯದೆ ನಿಗದಿತ ಮೊತ್ತದವರೆಗೆ ಖರ್ಚು ಮಾಡುವ ಅಧಿಕಾರ ಅವರಿಗಿರಲಿ. ಚಳಿಗಾಲದ ನಡುವೆ ತಂಗಲು ಬರುವವರನ್ನು ತಡೆಯಬೇಕಾಗಿಲ್ಲ. ಹೊರಡುವ ಮುನ್ನ ಎಲ್ಲವನ್ನೂ ಮೊದಲಿನಿಂದ ಬಸಿದು, ಮತ್ತೆ ‘ಮುಚ್ಚಿದೆ’ ಎಂದು ಸಹಿ ಹಾಕಲು ಅರ್ಧ ದಿನ ಅವರ ಸರದಿಯಲ್ಲೇ ಸೇರಿರಲಿ.

ತೆರೆಯುವ ದಿನವೂ ಮುಚ್ಚಿದ ಇಬ್ಬರಲ್ಲಿ ಒಬ್ಬರಾದರೂ ಇರಬೇಕು. ಡ್ರೈನ್ ವಾಲ್ವುಗಳನ್ನು ಮುಚ್ಚಿ, ಟ್ಯಾಂಕಿಗೆ ಮೊದಲು ಸ್ವಲ್ಪವೇ ನೀರು ಹಾಕಿ, ನಲ್ಲಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಪಂಪ್ ಓಡಿಸಿ. ಎಲ್ಲ ನಲ್ಲಿ ಮುಚ್ಚಿದ ಮೇಲೂ ಪಂಪ್ ಆಗಾಗ ತಾನಾಗಿ ಗುರ್ರೆಂದರೆ ಎಲ್ಲೋ ಬಿರುಕಿದೆ ಎಂದರ್ಥ. ಅದು ಸಿಗುವವರೆಗೆ ಟ್ಯಾಂಕ್ ತುಂಬಬೇಡಿ. ಇಂಪೆಲ್ಲರ್ ಕೂರಿಸಿ, ಒಡಲಿನ ವಾಲ್ವ್ ತೆರೆದು, ಜಾಲರಿ ಡಬ್ಬಿಯಲ್ಲಿ ನೀರು ಕಂಡ ಮೇಲಷ್ಟೇ ಕೀಲಿಯಿಂದ ಕೆಂಪು ಚೀಟಿ ಬಿಚ್ಚಿ. ಎಂಜಿನ್ ಶುರುವಾದ ಕೂಡಲೇ ಹಿಂಬದಿಗೆ ಹೋಗಿ ಹೊಗೆ ಕೊಳವೆಯಿಂದ ನೀರು ಉಗುಳುತ್ತಿದೆಯೇ ನೋಡಿ. ಅರ್ಧ ನಿಮಿಷದೊಳಗೆ ಬರದಿದ್ದರೆ ಆಫ್ ಮಾಡಿ.

ಇತಿ,
ಪಾಲಿನ ದೋಣಿಯೊಂದರ ಪಾಲುದಾರರು